ತ್ರಿಶಂಕು ಸ್ವರ್ಗ: ಅವನನ್ನು ನಡುವೆ ನಿಲ್ಲಿಸಿದವರು ಯಾರು?

ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದಿದೆ, ನೇಮಕಾತಿ ಆದೇಶ ಮಾತ್ರ ಕೈಗೆ ಸಿಕ್ಕಿಲ್ಲ. ಇದ್ದ ಕೆಲಸ ಬಿಟ್ಟಾಗಿದೆ. ಇಂಥವರನ್ನು ಮಾತಾಡಿಸಿ ನೋಡಿ, 'ನಮ್ದು ತ್ರಿಶಂಕು ಸ್ಥಿತಿ ಕಣ್ರೀ' ಅನ್ನುತ್ತಾರೆ. ಇನ್ನೊಂದು ಮನೆಯಲ್ಲಿ ಡಿಗ್ರಿ ಮುಗಿಸಿದ ಹುಡುಗನಿದ್ದಾನೆ. ಮುಂದೆ ಓದಲೋ, ಅಂಗಡಿ ಇಡಲೋ ಅಂತ ತಿಂಗಳುಗಟ್ಟಲೆ ಯೋಚಿಸುತ್ತಾ ಕೂತಿದ್ದಾನೆ. ಅವನಿಗೂ ಮನೆಯ ಹಿರಿಯರು ಹೇಳುವುದು ಇದೇ ಮಾತು: 'ತ್ರಿಶಂಕು ಥರ ಆಡಬೇಡ, ಒಂದು ತೀರ್ಮಾನಕ್ಕೆ ಬಾ.'

ಮೊದಲನೆಯವರು ಆಡಿದ ಮಾತು ಕಥೆಗೆ ಸರಿಯಾಗಿ ಹೊಂದುತ್ತದೆ. ಎರಡನೆಯದು ಹೊಂದುವುದಿಲ್ಲ. ಏಕೆಂದರೆ ತ್ರಿಶಂಕುವಿಗೆ ತೀರ್ಮಾನ ಮಾಡಲಾಗದ ಸಮಸ್ಯೆ ಯಾವತ್ತೂ ಇರಲಿಲ್ಲ. ತನಗೆ ಏನು ಬೇಕು ಎಂಬುದು ಅವನಿಗೆ ಮೊದಲ ದಿನದಿಂದಲೂ ಸ್ಪಷ್ಟವಾಗಿತ್ತು. ಅವನನ್ನು ನಡುವೆ ನಿಲ್ಲಿಸಿದವರು ಬೇರೆಯವರು. ನಾವು ದಿನಾ ಬಳಸುವ ಈ ನುಡಿಗಟ್ಟಿನಲ್ಲಿ ಆ ಬೇರೆಯವರು ಪೂರ್ತಿ ಮರೆಯಾಗಿಬಿಟ್ಟಿದ್ದಾರೆ. ಹಾಗಾಗಿ ಕಥೆಯನ್ನು ಮತ್ತೊಮ್ಮೆ ನಿಧಾನವಾಗಿ ಓದುವುದು ಒಳ್ಳೆಯದು.

ಕಥೆ ಬರುವುದು ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ, 57ರಿಂದ 60ನೇ ಸರ್ಗದವರೆಗೆ. ರಾಮ, ಲಕ್ಷ್ಮಣರು ವಿಶ್ವಾಮಿತ್ರನ ಜೊತೆ ಮಿಥಿಲೆಗೆ ಬಂದಿದ್ದಾರೆ. ಅಲ್ಲಿ ಜನಕನ ಪುರೋಹಿತ ಶತಾನಂದ ಅವರನ್ನು ಎದುರುಗೊಳ್ಳುತ್ತಾನೆ. ಈ ಶತಾನಂದ ಅಹಲ್ಯೆ ಮತ್ತು ಗೌತಮರ ಮಗ. ತಾಯಿಗೆ ರಾಮನಿಂದ ಶಾಪವಿಮೋಚನೆ ಆದ ಸುದ್ದಿ ಕೇಳಿ ಅವನ ಮನಸ್ಸು ತುಂಬಿದೆ. ಆ ಸಂತೋಷದಲ್ಲಿ ಅವನು ರಾಮನಿಗೆ, 'ನಿನ್ನ ಜೊತೆ ಬಂದಿರುವ ಈ ಮುನಿ ಎಂಥವರು ಗೊತ್ತಾ' ಎಂದು ವಿಶ್ವಾಮಿತ್ರನ ಹಿಂದಿನ ಬದುಕನ್ನು ವಿಸ್ತಾರವಾಗಿ ಹೇಳುತ್ತಾನೆ. ತ್ರಿಶಂಕುವಿನ ಕಥೆ ಆ ದೊಡ್ಡ ಕಥೆಯ ಒಂದು ತುಣುಕು. ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ವಾಲ್ಮೀಕಿಯಲ್ಲಿ ಇದು ತ್ರಿಶಂಕುವಿನ ಕಥೆಯಾಗಿ ಶುರುವಾಗುವುದಿಲ್ಲ, ವಿಶ್ವಾಮಿತ್ರ ಮತ್ತು ವಸಿಷ್ಠರ ನಡುವಿನ ಜಗಳದ ಕಥೆಯಾಗಿ ಶುರುವಾಗುತ್ತದೆ.

ವಿಶ್ವಾಮಿತ್ರ ಮೊದಲು ರಾಜ. ಸೈನ್ಯದ ಸಮೇತ ವಸಿಷ್ಠರ ಆಶ್ರಮಕ್ಕೆ ಬಂದವನಿಗೆ ಅಲ್ಲಿ ಶಬಲೆ ಎಂಬ ಹಸು ಕಣ್ಣಿಗೆ ಬೀಳುತ್ತದೆ. ಕೇಳಿದ್ದನ್ನೆಲ್ಲ ಕೊಡುವ ಹಸು. ಅದು ತನಗೆ ಬೇಕು ಅನ್ನುತ್ತಾನೆ. ವಸಿಷ್ಠರು ಕೊಡುವುದಿಲ್ಲ. ಎಳೆದೊಯ್ಯಲು ಹೋಗಿ ಸೈನ್ಯ ಕಳೆದುಕೊಳ್ಳುತ್ತಾನೆ, ಮಕ್ಕಳನ್ನು ಕಳೆದುಕೊಳ್ಳುತ್ತಾನೆ. ತಪಸ್ಸು ಮಾಡಿ ಅಸ್ತ್ರಗಳನ್ನು ತಂದರೆ, ಅವೆಲ್ಲ ವಸಿಷ್ಠರ ಒಂದು ಬ್ರಹ್ಮದಂಡದ ಮುಂದೆ ತಣ್ಣಗಾಗುತ್ತವೆ. ಆಗ, ಕ್ಷತ್ರಿಯ ಬಲ ಬೇಡ, ತಾನೂ ಬ್ರಹ್ಮರ್ಷಿಯೇ ಆಗಬೇಕು ಎಂದು ಮತ್ತೆ ತಪಸ್ಸಿಗೆ ಕೂರುತ್ತಾನೆ. ಸಾವಿರ ವರ್ಷದ ಮೇಲೆ ಬ್ರಹ್ಮ ಬಂದು ಕೊಟ್ಟ ಬಿರುದು 'ರಾಜರ್ಷಿ'. ಇಷ್ಟು ಕಷ್ಟಪಟ್ಟರೂ ಸಿಕ್ಕಿದ್ದು ಇಷ್ಟೇನಾ ಎಂದು ವಿಶ್ವಾಮಿತ್ರ ತಲೆ ತಗ್ಗಿಸುತ್ತಾನೆ. ಮತ್ತೆ ತಪಸ್ಸು.

ಸರಿಯಾಗಿ ಅದೇ ಹೊತ್ತಿಗೆ ಅತ್ತ ಅಯೋಧ್ಯೆಯಲ್ಲಿ ತ್ರಿಶಂಕುವಿಗೆ ಒಂದು ಆಸೆ ಹುಟ್ಟುತ್ತದೆ.

ಇಕ್ಷ್ವಾಕು ವಂಶದ ರಾಜ ಅವನು. ವಾಲ್ಮೀಕಿ ಅವನನ್ನು ಸತ್ಯವಾದಿ, ಜಿತೇಂದ್ರಿಯ ಎಂದೇ ಪರಿಚಯಿಸುತ್ತಾನೆ. ಅವನ ಆಸೆ ಇಷ್ಟು: ಯಜ್ಞ ಮಾಡಬೇಕು, ಇದೇ ದೇಹದಲ್ಲಿ ಸ್ವರ್ಗಕ್ಕೆ ಹೋಗಬೇಕು. ಸತ್ತ ಮೇಲೆ ಪುಣ್ಯವಂತರು ಸ್ವರ್ಗಕ್ಕೆ ಹೋಗುವುದು ಇದ್ದೇ ಇದೆ. ಅವನಿಗೆ ಬೇಕಾದದ್ದು ಬದುಕಿರುವಾಗಲೇ ಹೋಗುವುದು. ದುರಾಸೆ ಅನ್ನಿಸಬಹುದು. ಆದರೆ ಅದರಲ್ಲಿ ಗೊಂದಲವಂತೂ ಇಲ್ಲ.

ಕುಲಗುರು ವಸಿಷ್ಠರನ್ನು ಕೇಳುತ್ತಾನೆ. ಅವರ ಉತ್ತರ ಒಂದೇ: ಅಶಕ್ಯ, ಸಾಧ್ಯವಿಲ್ಲ. ಅಲ್ಲಿಗೆ ಬಿಡದೆ ದಕ್ಷಿಣಕ್ಕೆ ಹೋಗುತ್ತಾನೆ. ಅಲ್ಲಿ ವಸಿಷ್ಠರ ನೂರು ಮಕ್ಕಳು ತಪಸ್ಸು ಮಾಡುತ್ತಿದ್ದಾರೆ. ಅವರಿಗೆ ಕೈ ಮುಗಿದು ಕೇಳಿಕೊಳ್ಳುತ್ತಾನೆ. 'ಅಪ್ಪ ಆಗುವುದಿಲ್ಲ ಎಂದದ್ದನ್ನು ನಾವು ಹೇಗೆ ಮಾಡೋಣ? ಬುಡವನ್ನು ಬಿಟ್ಟು ಕೊಂಬೆ ಹಿಡಿಯಲು ಬಂದೆಯಾ?' ಎಂದು ಅವರು ಗದರುತ್ತಾರೆ. ಆಗ ತ್ರಿಶಂಕು ಆಡುವ ಮಾತು ಇಡೀ ಕಥೆಯನ್ನು ತಿರುಗಿಸುತ್ತದೆ. ಗುರುಗಳೂ ಒಲ್ಲೆ ಅಂದರು, ಗುರುಪುತ್ರರೂ ಒಲ್ಲೆ ಅಂದರು, ನಾನು ಬೇರೆ ದಾರಿ ನೋಡಿಕೊಳ್ಳುತ್ತೇನೆ, ನಿಮಗೆ ಒಳ್ಳೆಯದಾಗಲಿ.

ಈ ಒಂದು ಮಾತಿಗೆ ಅವರು ಕೆಂಡವಾಗುತ್ತಾರೆ. ಚಂಡಾಲನಾಗು ಎಂದು ಶಪಿಸುತ್ತಾರೆ.

ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ರಾಜನ ರೂಪ ಬದಲಾಗಿದೆ. ಇಲ್ಲಿ ವಾಲ್ಮೀಕಿ ಒಂದೊಂದನ್ನೂ ಹತ್ತಿರದಿಂದ ತೋರಿಸುತ್ತಾನೆ. ಮೈ ಕಪ್ಪಾಗಿದೆ, ಬಟ್ಟೆಯ ಬಣ್ಣವೂ ಬದಲಾಗಿದೆ, ಕೂದಲು ಕೆದರಿದೆ. ಕೊರಳಲ್ಲಿ ಸ್ಮಶಾನದ ಹೂಮಾಲೆ. ಮೈಮೇಲಿದ್ದ ಚಿನ್ನದ ಒಡವೆ ಕಬ್ಬಿಣವಾಗಿದೆ. ನಿನ್ನೆಯವರೆಗೆ ಕೈ ಕಟ್ಟಿ ನಿಂತಿದ್ದ ಮಂತ್ರಿಗಳು, ಹಿಂದೆ ಬಂದಿದ್ದ ಊರ ಜನ, ಎಲ್ಲರೂ ಅವನನ್ನು ನೋಡಿ ಓಡಿಹೋಗುತ್ತಾರೆ. ಒಂದು ಜನ್ಮವನ್ನು ಶಾಪವೆಂದು ಬಗೆಯುವ ಸಮಾಜ ಹೇಗಿತ್ತು ಎಂಬುದನ್ನು ಈ ಕೆಲವೇ ಸಾಲುಗಳು ಮರೆಮಾಚದೆ ಹೇಳಿಬಿಡುತ್ತವೆ. ಮನುಷ್ಯ ಅವನೇ, ಅವನ ಸತ್ಯ ಅವನಲ್ಲೇ ಇದೆ. ಆದರೂ ಪಕ್ಕದಲ್ಲಿ ನಿಲ್ಲಲು ಒಬ್ಬರೂ ಇಲ್ಲ. ನನಗಂತೂ ಇಡೀ ಕಥೆಯಲ್ಲಿ ಜಾಸ್ತಿ ನೋವು ಕೊಡುವುದು ಮುಂದೆ ಆಕಾಶದಿಂದ ಬೀಳುವ ಘಟ್ಟವಲ್ಲ, ಈ ಬೆಳಗು.

ಒಬ್ಬನೇ ಆದ ತ್ರಿಶಂಕು ನಡೆಯುತ್ತಾ ವಿಶ್ವಾಮಿತ್ರನ ಬಳಿ ಬರುತ್ತಾನೆ. ವಿಶ್ವಾಮಿತ್ರನಿಗೆ ನೋಡಿದ ತಕ್ಷಣ ಕರುಣೆ ಹುಟ್ಟಿತು ಎಂದು ಕವಿ ಹೇಳುತ್ತಾನೆ. ತ್ರಿಶಂಕು ತನ್ನ ಕಥೆ ಹೇಳಿಕೊಳ್ಳುತ್ತಾನೆ. ನೂರು ಯಜ್ಞ ಮಾಡಿದೆ, ಫಲ ಸಿಗಲಿಲ್ಲ. ಕಷ್ಟದಲ್ಲೂ ಸುಳ್ಳು ಹೇಳಿದವನಲ್ಲ, ಮುಂದೆಯೂ ಹೇಳುವುದಿಲ್ಲ. ಈಗ ನೋಡಿದರೆ ದೈವವೇ ದೊಡ್ಡದು, ಮನುಷ್ಯನ ಪ್ರಯತ್ನ ವ್ಯರ್ಥ ಅನ್ನಿಸುತ್ತಿದೆ. ಹೀಗಂದವನು ಅಲ್ಲಿಗೇ ಕೈ ಚೆಲ್ಲುವುದಿಲ್ಲ. ನೀವು ನಿಮ್ಮ ಪ್ರಯತ್ನದಿಂದ ಈ ದೈವವನ್ನು ಹಿಂದಕ್ಕೆ ತಿರುಗಿಸಬೇಕು ಎಂದು ಕೇಳುತ್ತಾನೆ. ಎಲ್ಲ ಕಳೆದುಕೊಂಡ ಮೇಲೂ ಅವನ ಕೋರಿಕೆ ಒಂದಿಂಚೂ ಬದಲಾಗಿಲ್ಲ.

ವಿಶ್ವಾಮಿತ್ರ ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಳ್ಳುವ ರೀತಿಯೂ ದೊಡ್ಡದು. ಶಾಪ ಕಳೆದು ಹಳೆಯ ರೂಪ ಕೊಡುತ್ತೇನೆ, ಆಮೇಲೆ ಕಳಿಸುತ್ತೇನೆ ಎನ್ನುವುದಿಲ್ಲ. ಗುರುಶಾಪದಿಂದ ಬಂದ ಈ ರೂಪದಲ್ಲೇ, ಇದೇ ಶರೀರದಲ್ಲೇ ನೀನು ಸ್ವರ್ಗಕ್ಕೆ ಹೋಗುತ್ತೀಯ ಎನ್ನುತ್ತಾನೆ. ಕರುಣೆ ಇದೆ, ನಿಜ. ಆದರೆ ಬರೀ ಕರುಣೆ ಇದೆಯೇ? ವಸಿಷ್ಠರು ಆಗದು ಎಂದದ್ದನ್ನು ಮಾಡಿ ತೋರಿಸುವ ಅವಕಾಶ ಮನೆ ಬಾಗಿಲಿಗೆ ಬಂದಿದೆ. ಹಳೆಯ ಸೋಲಿನ ಗಾಯ ಇನ್ನೂ ಹಸಿ. ತ್ರಿಶಂಕುವಿನ ಆಸೆ ಮತ್ತು ವಿಶ್ವಾಮಿತ್ರನ ಹಠ ಒಂದಕ್ಕೊಂದು ಹೆಣೆದುಕೊಳ್ಳುವುದು ಇಲ್ಲಿಯೇ. ಇಲ್ಲಿಂದಾಚೆಗೆ ತ್ರಿಶಂಕುವಿನ ಕೈಯಲ್ಲಿ ಏನೂ ಇಲ್ಲ.

ಯಜ್ಞಕ್ಕೆ ಎಲ್ಲ ಋಷಿಗಳಿಗೂ ಕರೆ ಹೋಗುತ್ತದೆ. ವಸಿಷ್ಠರ ಮಕ್ಕಳು, ಮಹೋದಯ ಎಂಬ ಋಷಿ ಬರುವುದಿಲ್ಲ. ಯಾಜಕ ಕ್ಷತ್ರಿಯ, ಯಜಮಾನ ಚಂಡಾಲ, ಇಂಥ ಕಡೆ ದೇವತೆಗಳು ಹವಿಸ್ಸು ಹೇಗೆ ತಿಂದಾರು ಎಂದು ಹೀಯಾಳಿಸುತ್ತಾರೆ. ವಿಶ್ವಾಮಿತ್ರ ಅವರಿಗೂ ಘೋರ ಶಾಪ ಕೊಡುತ್ತಾನೆ. ಉಳಿದ ಋಷಿಗಳು ಅವನ ಸಿಟ್ಟಿಗೆ ಹೆದರಿ ಯಜ್ಞಕ್ಕೆ ಕೂರುತ್ತಾರೆ. ಮಂತ್ರ ಹೇಳಿ ಕರೆದರೂ ಒಬ್ಬ ದೇವತೆಯೂ ಹವಿರ್ಭಾಗಕ್ಕೆ ಬರುವುದಿಲ್ಲ. ಆಗ ವಿಶ್ವಾಮಿತ್ರ ಕೈಯಲ್ಲಿದ್ದ ಸ್ರುವವನ್ನು, ಅಂದರೆ ತುಪ್ಪ ಹೊಯ್ಯುವ ಮರದ ಸೌಟನ್ನು, ಎತ್ತಿ ಹಿಡಿದು ಹೇಳುತ್ತಾನೆ: ನೋಡು ನನ್ನ ತಪಸ್ಸಿನ ಬಲ, ನಾನು ಗಳಿಸಿದ್ದರಲ್ಲಿ ಏನಾದರೂ ಫಲ ಉಳಿದಿದ್ದರೆ ಅದರಿಂದಲೇ ನೀನು ಮೇಲೇರು.

ಋಷಿಗಳೆಲ್ಲ ನೋಡುತ್ತಿದ್ದಂತೆ ತ್ರಿಶಂಕು ಏರುತ್ತಾನೆ. ಸ್ವರ್ಗವನ್ನೂ ಮುಟ್ಟುತ್ತಾನೆ. ಅಲ್ಲಿ ಇಂದ್ರ ಅಡ್ಡ ನಿಲ್ಲುತ್ತಾನೆ. 'ತ್ರಿಶಂಕು, ಹಿಂದಿರುಗು. ಇಲ್ಲಿ ನಿನಗೆ ಜಾಗವಿಲ್ಲ. ಗುರುಶಾಪ ತಗುಲಿದವನೇ, ತಲೆಕೆಳಗಾಗಿ ಭೂಮಿಗೆ ಬೀಳು.' ಮೂಲದ ಮಾತು 'ಪತ ಭೂಮಿಮವಾಕ್ಛಿರಾಃ'. ಅವಾಕ್ ಶಿರ, ತಲೆ ಕೆಳಗೆ. ತ್ರಿಶಂಕು ಬೀಳುತ್ತಾ 'ಕಾಪಾಡು' ಎಂದು ಕೂಗುತ್ತಾನೆ. ಕೆಳಗಿನಿಂದ ವಿಶ್ವಾಮಿತ್ರ 'ತಿಷ್ಠ ತಿಷ್ಠ', ನಿಲ್ಲು ನಿಲ್ಲು, ಎಂದು ಗರ್ಜಿಸುತ್ತಾನೆ. ಮೇಲಿನಿಂದ ಬೀಳು ಎಂಬ ಅಪ್ಪಣೆ. ಕೆಳಗಿನಿಂದ ನಿಲ್ಲು ಎಂಬ ಅಪ್ಪಣೆ.

ನಮ್ಮ ನುಡಿಗಟ್ಟು ಹುಟ್ಟಿದ್ದು ಈ ಎರಡು ಅಪ್ಪಣೆಗಳ ನಡುವೆ.

ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಸಿಟ್ಟು ನೆತ್ತಿಗೇರಿದ ವಿಶ್ವಾಮಿತ್ರ ದಕ್ಷಿಣದ ಆಕಾಶದಲ್ಲಿ ಬೇರೆಯೇ ಸಪ್ತರ್ಷಿಗಳನ್ನು ಸೃಷ್ಟಿಸುತ್ತಾನೆ. ಬೇರೆಯೇ ನಕ್ಷತ್ರಮಾಲೆ ಹೆಣೆಯುತ್ತಾನೆ. 'ಇನ್ನೊಬ್ಬ ಇಂದ್ರನನ್ನು ಮಾಡುತ್ತೇನೆ, ಇಲ್ಲವೇ ಲೋಕಕ್ಕೆ ಇಂದ್ರನೇ ಇಲ್ಲದಂತೆ ಮಾಡುತ್ತೇನೆ' ಎಂದು ದೇವತೆಗಳನ್ನೇ ಹುಟ್ಟಿಸಲು ತೊಡಗುತ್ತಾನೆ. ಕನ್ನಡದಲ್ಲಿ 'ವಿಶ್ವಾಮಿತ್ರ ಸೃಷ್ಟಿ' ಎಂಬ ಇನ್ನೊಂದು ಮಾತು ಇದೆಯಲ್ಲ, ಅದರ ಬೇರು ಇದೇ. ಬ್ರಹ್ಮನ ಸೃಷ್ಟಿಗೆ ಎದುರಾಗಿ ಮಾಡಿದ ಸೃಷ್ಟಿ ಎಂದು. ತೆಂಗಿನಕಾಯಿ, ಎಮ್ಮೆ ಎಲ್ಲವೂ ವಿಶ್ವಾಮಿತ್ರ ಸೃಷ್ಟಿ ಎಂದು ಹಿರಿಯರು ಹೇಳುವುದುಂಟು. ಅದು ಜನರ ಬಾಯಲ್ಲಿ ಬೆಳೆದ ಭಾಗ, ಬಾಲಕಾಂಡದಲ್ಲಿ ಇಲ್ಲ.

ಈಗ ದೇವತೆಗಳಿಗೆ ದಿಗಿಲು. ಬಂದು ಬೇಡಿಕೊಳ್ಳುತ್ತಾರೆ: ಗುರುಶಾಪ ಇರುವವನು ಸಶರೀರನಾಗಿ ಸ್ವರ್ಗಕ್ಕೆ ಬರಲಾಗದು. ವಿಶ್ವಾಮಿತ್ರ ಹೇಳುತ್ತಾನೆ: ನಾನು ಮಾತು ಕೊಟ್ಟಾಗಿದೆ, ಸುಳ್ಳು ಮಾಡಲಾರೆ. ಆಮೇಲೆ ಒಂದು ಒಪ್ಪಂದ. ವಿಶ್ವಾಮಿತ್ರ ಮಾಡಿದ ನಕ್ಷತ್ರಗಳೆಲ್ಲ ಹಾಗೇ ಉಳಿಯಲಿ, ಆದರೆ 'ವೈಶ್ವಾನರ ಪಥ'ದ ಹೊರಗೆ, ಅಂದರೆ ಆಕಾಶದ ಮುಖ್ಯ ಹಾದಿಯಿಂದ ಆಚೆ. ಅವುಗಳ ನಡುವೆ ತ್ರಿಶಂಕು ತಲೆಕೆಳಗಾಗಿ ನಿಲ್ಲಲಿ.

ಒಪ್ಪಂದ ಅಂದರೆ ಹೀಗೇ ಅಲ್ವಾ? ಇಂದ್ರನ ಮಾತು ಉಳಿಯಿತು, ತ್ರಿಶಂಕು ಸ್ವರ್ಗದೊಳಗೆ ಬರಲಿಲ್ಲ. ವಿಶ್ವಾಮಿತ್ರನ ಮಾತೂ ಉಳಿಯಿತು, ತ್ರಿಶಂಕು ನೆಲಕ್ಕೆ ಬೀಳಲಿಲ್ಲ. ವಸಿಷ್ಠರ ಮಕ್ಕಳ ಶಾಪವೂ ಉಳಿಯಿತು. ಎಲ್ಲರ ಮಾತೂ ಉಳಿಯಬೇಕಾದರೆ ಒಬ್ಬ ಮನುಷ್ಯ ಶಾಶ್ವತವಾಗಿ ತಲೆಕೆಳಗಾಗಿ ಇರಬೇಕಾಯಿತು. ಆ ಮಾತುಕತೆಯಲ್ಲಿ ತ್ರಿಶಂಕುವನ್ನು ಯಾರೂ ಏನೂ ಕೇಳಿದಂತೆ ಕಾಣುವುದಿಲ್ಲ.

ವಿಶ್ವಾಮಿತ್ರನಿಗೂ ಇದು ಬಿಟ್ಟಿ ಬಂದದ್ದಲ್ಲ. ದಕ್ಷಿಣದಲ್ಲಿ ತನ್ನ ತಪಸ್ಸಿಗೆ ದೊಡ್ಡ ವಿಘ್ನವಾಯಿತು ಎಂದು ಅವನೇ ಹೇಳಿಕೊಂಡು, ಜಾಗ ಬಿಟ್ಟು, ಪಶ್ಚಿಮದ ಪುಷ್ಕರಕ್ಕೆ ಹೋಗಿ ಹೊಸದಾಗಿ ತಪಸ್ಸು ಶುರುಮಾಡುತ್ತಾನೆ.

ಇಷ್ಟಾದರೂ ವಾಲ್ಮೀಕಿ ತ್ರಿಶಂಕುವನ್ನು ಪಾಪದವನು ಎಂದು ಕೈಬಿಡುವುದಿಲ್ಲ. ಒಪ್ಪಂದದ ಶ್ಲೋಕವನ್ನೇ ನೋಡಿ. ತಲೆಕೆಳಗಾಗಿ ನಿಲ್ಲಲಿ ಎಂಬ ಮಾತಿನ ಜೊತೆಗೇ 'ಅಮರಸಂನಿಭಃ' ಎಂಬ ಪದ ಇದೆ, ಅಮರರಿಗೆ ಸಮನಾಗಿ. ಆ ನಕ್ಷತ್ರಗಳು ಅವನನ್ನು ಹಿಂಬಾಲಿಸುತ್ತವಂತೆ. ಎಂಥವನನ್ನು? 'ಕೃತಾರ್ಥಂ ಕೀರ್ತಿಮಂತಂ ಚ', ಅಂದುಕೊಂಡದ್ದನ್ನು ಸಾಧಿಸಿದವನನ್ನು, ಹೆಸರು ಗಳಿಸಿದವನನ್ನು, ಸ್ವರ್ಗಕ್ಕೆ ಹೋದವನನ್ನು ಹೇಗೋ ಹಾಗೆ. ನಾವು 'ತ್ರಿಶಂಕು ಸ್ವರ್ಗ' ಅನ್ನುವಾಗ ಸಿಕ್ಕಿಬಿದ್ದ ಸ್ಥಿತಿ ಎನ್ನುವುದನ್ನು ಮಾತ್ರ ಉಳಿಸಿಕೊಂಡೆವು. ಕೃತಾರ್ಥ ಎಂಬ ಮಾತು ದಾರಿಯಲ್ಲಿ ಎಲ್ಲೋ ಕಳೆದುಹೋಯಿತು.

ರಾಮಾಯಣದಲ್ಲೇ ಮುಂದೆ ಇದಕ್ಕೆ ಇನ್ನೂ ಗಟ್ಟಿ ಸಾಕ್ಷಿ ಇದೆ. ಯುದ್ಧಕಾಂಡದ 4ನೇ ಸರ್ಗ. ಹನುಮಂತ ಲಂಕೆಯಿಂದ ಸುದ್ದಿ ತಂದಾಗಿದೆ. ವಾನರ ಸೈನ್ಯ ಕಿಷ್ಕಿಂಧೆಯಿಂದ ದಕ್ಷಿಣದ ಸಮುದ್ರದ ಕಡೆ ಹೊರಟಿದೆ. ದಾರಿಯಲ್ಲಿ ಲಕ್ಷ್ಮಣ ಅಣ್ಣನಿಗೆ ಧೈರ್ಯ ತುಂಬಲು ಶುಭ ಶಕುನಗಳನ್ನು ಒಂದೊಂದಾಗಿ ತೋರಿಸುತ್ತಾನೆ. ಅದರಲ್ಲಿ ಒಂದು: 'ತ್ರಿಶಂಕುರ್ವಿಮಲೋ ಭಾತಿ ರಾಜರ್ಷಿಃ ಸಪುರೋಹಿತಃ'. ಮಹಾತ್ಮರಾದ ನಮ್ಮ ಇಕ್ಷ್ವಾಕುಗಳ ಪಿತಾಮಹ, ರಾಜರ್ಷಿ ತ್ರಿಶಂಕು, ಪುರೋಹಿತನ ಸಮೇತ ನಿರ್ಮಲವಾಗಿ ಹೊಳೆಯುತ್ತಿದ್ದಾನೆ ನೋಡು ಅಣ್ಣ ಎಂದು.

ಇದನ್ನು ಮೊದಲ ಸಲ ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟು ಕೂತಿದ್ದೆ. ಮನೆತನದ ಹೆಸರು ಕೆಡಿಸಿದ ಅಜ್ಜನ ಬಗ್ಗೆ ಯಾರಾದರೂ ಯುದ್ಧಕ್ಕೆ ಹೊರಟಾಗ ಹೀಗೆ ಮಾತಾಡುತ್ತಾರೆಯೇ? ಲಕ್ಷ್ಮಣನ ಕಣ್ಣಿಗೆ ತ್ರಿಶಂಕು ಸೋತವನಲ್ಲ. ದಕ್ಷಿಣಕ್ಕೆ ಹೊರಟ ಮೊಮ್ಮಕ್ಕಳಿಗೆ ದಕ್ಷಿಣದ ಆಕಾಶದಿಂದ ಹರಸುತ್ತಿರುವ ಹಿರಿಯ. ಕಿಷ್ಕಿಂಧೆ ಎಂದರೆ ಹಂಪಿ, ಆನೆಗೊಂದಿಯ ಸುತ್ತಿನ ಬೆಟ್ಟಗಳು ಎಂದು ನಮ್ಮವರ ನಂಬಿಕೆ. ಹಾಗಾದರೆ ಈ ಮಾತು ಆಡಿದ್ದು ತುಂಗಭದ್ರೆಯ ದಡ ಬಿಟ್ಟು ಮುಂದೆ ಸಾಗುವಾಗ.

ಆ ನಕ್ಷತ್ರವನ್ನು ನೀವೂ ನೋಡಬಹುದು. ಇಂದು ನಾವು ತ್ರಿಶಂಕು ಎಂದು ಕರೆಯುವುದು ದಕ್ಷಿಣ ಶಿಲುಬೆ ಎಂಬ ನಕ್ಷತ್ರಪುಂಜವನ್ನು. ಮೇ ತಿಂಗಳ ಮಧ್ಯದಲ್ಲಿ, ಮೋಡ ಇಲ್ಲದ ರಾತ್ರಿ, ಒಂಬತ್ತು ಗಂಟೆ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಕೈ ಮುಂದೆ ಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಸುಮಾರು 10 ಡಿಗ್ರಿ ಆಗುತ್ತದೆ. ಬೆಂಗಳೂರು, ಮೈಸೂರು ಕಡೆಯವರಿಗೆ ದಿಗಂತದಿಂದ ಒಂದೂವರೆ, ಎರಡು ಮುಷ್ಟಿ ಎತ್ತರದಲ್ಲಿ ನಾಲ್ಕು ನಕ್ಷತ್ರಗಳ ಪುಟ್ಟ ಗಾಳಿಪಟದ ಆಕಾರ ಕಾಣುತ್ತದೆ. ಅದರ ಎಡಕ್ಕೆ ಎರಡು ಪ್ರಖರ ನಕ್ಷತ್ರಗಳಿವೆ. ಅವು ಸೆಂಟಾರಸ್ ಪುಂಜದ ಆಲ್ಫಾ ಮತ್ತು ಬೀಟಾ. ಅವೆರಡನ್ನು ಸೇರಿಸಿ ಬಲಕ್ಕೆ ಗೆರೆ ಎಳೆದರೆ ಅದು ತ್ರಿಶಂಕುವಿನ ಕಡೆಗೇ ಹೋಗುತ್ತದೆ. ಬೀದರ್ ಕಡೆ ಇನ್ನೂ ಸ್ವಲ್ಪ ತಗ್ಗು. ದಕ್ಷಿಣದಲ್ಲಿ ಬೆಟ್ಟ, ಕಟ್ಟಡ ಇಲ್ಲದ ಬಯಲು ಬೇಕು.

ದೆಹಲಿಯಲ್ಲಿ ಇರುವವರಿಗೆ ಇದು ಈಗ ಪೂರ್ತಿ ಕಾಣುವುದೇ ಇಲ್ಲ, ಮೇಲಿನ ತುದಿ ಮಾತ್ರ ದಿಗಂತಕ್ಕೆ ಅಂಟಿಕೊಂಡಂತೆ ಇರುತ್ತದೆ. ಭೂಮಿಯ ಅಕ್ಷ ಬಹಳ ನಿಧಾನವಾಗಿ ತಿರುಗಾಡುವುದರಿಂದ ಸಾವಿರಾರು ವರ್ಷಗಳಲ್ಲಿ ಆಕಾಶದ ನೋಟ ಜರುಗುತ್ತದೆ. 2000 ವರ್ಷದ ಹಿಂದೆ ಉತ್ತರ ಭಾರತದಿಂದಲೂ ಈ ನಕ್ಷತ್ರಗಳು ಚೆನ್ನಾಗಿ ಕಾಣುತ್ತಿದ್ದವು. ಅಷ್ಟಾದರೂ ಅವು ನಡುನೆತ್ತಿಗೆ ಏರಿದವಲ್ಲ. ದಕ್ಷಿಣದಲ್ಲಿ ಸ್ವಲ್ಪ ಮೇಲೆ ಬಂದು, ಹಾಗೇ ಸರಿದು ಮುಳುಗುತ್ತಿದ್ದವು. ಪೂರ್ತಿ ಮೇಲೂ ಅಲ್ಲ, ನೆಲದ ಮೇಲೂ ಅಲ್ಲ. ಮುಖ್ಯ ಹಾದಿಯ ಹೊರಗೆ, ದಕ್ಷಿಣದ ಅಂಚಿನಲ್ಲಿ ಏಕೆ ಇಷ್ಟು ಹೊಳೆಯುವ ನಕ್ಷತ್ರಗಳಿವೆ ಎಂದು ಕೇಳಿದವರಿಗೆ ಈ ಕಥೆ ಒಂದು ಉತ್ತರವೂ ಆಗಿತ್ತು ಎಂದು ನನಗೆ ಅನ್ನಿಸುತ್ತದೆ.

ಪುರಾಣಗಳಿಗೆ ಬಂದರೆ ತ್ರಿಶಂಕು ಬೇರೆಯೇ ಮನುಷ್ಯ. ಹರಿವಂಶದಲ್ಲಿ ಅವನ ಹೆಸರು ಸತ್ಯವ್ರತ. ಮದುವೆ ನಡೆಯುತ್ತಿದ್ದಾಗ ಬೇರೊಬ್ಬನ ವಧುವನ್ನು ಹೊತ್ತೊಯ್ದನೆಂದು ತಂದೆ ತ್ರಯ್ಯಾರುಣ ಅವನನ್ನು ಊರಾಚೆ ಹಾಕುತ್ತಾನೆ. ತಂದೆಯನ್ನು ತಡೆಯಬಹುದಾಗಿದ್ದ ವಸಿಷ್ಠರು ಸುಮ್ಮನಿರುತ್ತಾರೆ. ಆಮೇಲೆ 12 ವರ್ಷ ಮಳೆ ಇಲ್ಲ. ವಿಶ್ವಾಮಿತ್ರ ಹೆಂಡತಿ ಮಕ್ಕಳನ್ನು ಬಿಟ್ಟು ಸಮುದ್ರ ತೀರದಲ್ಲಿ ತಪಸ್ಸಿಗೆ ಹೋಗಿದ್ದಾನೆ. ಹಸಿವು ತಾಳಲಾರದೆ ಅವನ ಹೆಂಡತಿ ನಡುವಿನ ಮಗನ ಕೊರಳಿಗೆ ಹಗ್ಗ ಕಟ್ಟಿ ಮಾರಲು ಹೊರಟಿದ್ದಾಳೆ. ಸತ್ಯವ್ರತ ಆ ಹುಡುಗನನ್ನು ಬಿಡಿಸುತ್ತಾನೆ. ಗಳಕ್ಕೆ, ಅಂದರೆ ಕೊರಳಿಗೆ, ಹಗ್ಗ ಬಿದ್ದಿದ್ದರಿಂದ ಆ ಹುಡುಗನೇ ಗಾಲವ. ಅಂದಿನಿಂದ ಸತ್ಯವ್ರತ ಬೇಟೆಯಾಡಿ ಮಾಂಸ ತಂದು ಆ ಆಶ್ರಮದ ಹತ್ತಿರ ಕಟ್ಟಿಟ್ಟು ಹೋಗುತ್ತಾನೆ. ಒಂದು ದಿನ ಬೇಟೆ ಸಿಗುವುದಿಲ್ಲ. ಹಸಿವು, ವಸಿಷ್ಠರ ಮೇಲಿನ ಸಿಟ್ಟು ಎರಡೂ ಸೇರಿ ಅವರ ಹಸುವನ್ನೇ ಕೊಂದು ತಾನೂ ತಿಂದು ಆ ಮಕ್ಕಳಿಗೂ ಕೊಡುತ್ತಾನೆ. ತಂದೆಗೆ ಬೇಸರ ತಂದದ್ದು, ಗುರುವಿನ ಹಸು ಕೊಂದದ್ದು, ಪ್ರೋಕ್ಷಣೆ ಮಾಡದ ಮಾಂಸ ತಿಂದದ್ದು, ಈ ಮೂರು ತಪ್ಪುಗಳು ಮೂರು ಶಂಕುಗಳು, ಅಂದರೆ ಮೂರು ಗೂಟಗಳು ಎಂದು ವಸಿಷ್ಠರು ಅವನಿಗೆ ತ್ರಿಶಂಕು ಎಂದು ಹೆಸರಿಡುತ್ತಾರೆ.

ವಿಶ್ವಾಮಿತ್ರ ಮರಳಿ ಬಂದು ತನ್ನ ಮಕ್ಕಳನ್ನು ಯಾರು ಉಳಿಸಿದರು ಎಂದು ತಿಳಿದುಕೊಳ್ಳುತ್ತಾನೆ. ಸತ್ಯವ್ರತನಿಗೆ ರಾಜ್ಯ ಕೊಡಿಸಿ, ದೇವತೆಗಳೂ ವಸಿಷ್ಠರೂ ನೋಡುತ್ತಿರುವಂತೆಯೇ ಅವನನ್ನು ಸಶರೀರನಾಗಿ ಸ್ವರ್ಗಕ್ಕೆ ಏರಿಸುತ್ತಾನೆ. ಇಲ್ಲಿ ನೇತಾಡುವ ಮಾತೇ ಇಲ್ಲ. ವಿಷ್ಣುಪುರಾಣದಲ್ಲೂ ಹೀಗೆಯೇ, ಬರಗಾಲದಲ್ಲಿ ಅನ್ನ ಕೊಟ್ಟ ಉಪಕಾರಕ್ಕೆ ಸ್ವರ್ಗ. ರಾಮಾಯಣದಲ್ಲಿ ತಪ್ಪೇ ಮಾಡದವನು ತಲೆಕೆಳಗಾಗಿ ಉಳಿದ. ಪುರಾಣದಲ್ಲಿ ಮೂರು ತಪ್ಪು ಮಾಡಿದವನು ನೇರ ಸ್ವರ್ಗಕ್ಕೆ ಹೋದ. ಜನ ಎರಡನ್ನೂ ಬೆರೆಸಿ, ಪಾಪ ಮಾಡಿದ್ದಕ್ಕೆ ನೇತಾಡುತ್ತಿದ್ದಾನೆ ಎಂದು ನೆನಪಿಟ್ಟುಕೊಂಡರು. ಉತ್ತರ ಪ್ರದೇಶ, ಬಿಹಾರಗಳ ಗಡಿಯಲ್ಲಿ ಹರಿಯುವ ಕರ್ಮನಾಶಾ ನದಿ ತಲೆಕೆಳಗಾದ ತ್ರಿಶಂಕುವಿನ ಬಾಯಿಂದ ಸುರಿದ ಜೊಲ್ಲಿನಿಂದ ಹುಟ್ಟಿತು, ಅದರ ನೀರು ಮುಟ್ಟಿದರೆ ಮಾಡಿದ ಪುಣ್ಯವೆಲ್ಲ ಹೋಗುತ್ತದೆ ಎಂಬ ನಂಬಿಕೆ ಅಲ್ಲಿದೆ. ಲಕ್ಷ್ಮಣ ನಿರ್ಮಲ ಎಂದು ಕರೆದವನಿಗೆ ಕಾಲ ಕೊಟ್ಟ ಮರ್ಯಾದೆ ಇದು.

ಪುರಾಣಗಳು ಹರಿಶ್ಚಂದ್ರನನ್ನು ತ್ರಿಶಂಕುವಿನ ಮಗ ಎನ್ನುತ್ತವೆ. ಕನ್ನಡದವರಿಗೆ ಹರಿಶ್ಚಂದ್ರ ಎಂದರೆ ಹಂಪೆಯ ರಾಘವಾಂಕ ನೆನಪಾಗಬೇಕು. 13ನೇ ಶತಮಾನದ ಅವನ 'ಹರಿಶ್ಚಂದ್ರ ಕಾವ್ಯ'ದಲ್ಲೂ ಎಲ್ಲ ಶುರುವಾಗುವುದು ಇಂದ್ರನ ಸಭೆಯಲ್ಲಿ ವಸಿಷ್ಠ, ವಿಶ್ವಾಮಿತ್ರರು ಹೂಡಿದ ಪಂತದಿಂದ. ಅಲ್ಲಿಯೂ ಅವರಿಬ್ಬರ ವಾದಕ್ಕೆ ಬೆಲೆ ತೆರುವವನು ಮೂರನೆಯವನು. ತಂದೆಯನ್ನು ಶಾಪ ಚಂಡಾಲನನ್ನಾಗಿ ಮಾಡಿತು. ಮಗ ಕೊಟ್ಟ ಮಾತಿಗಾಗಿ ಸ್ಮಶಾನದಲ್ಲಿ ಚಂಡಾಲನ ಆಳಾಗಿ ದುಡಿದ. ಮಗ ಸತ್ಯಕ್ಕೆ ಗಾದೆಯಾದ, ತಂದೆ ಅತಂತ್ರಕ್ಕೆ ಗಾದೆಯಾದ.

ಹಾಗಾದರೆ ಈ ಹೆಸರು ನುಡಿಗಟ್ಟಾಗಿ ಬಳಕೆಗೆ ಬಂದದ್ದು ಯಾವಾಗ? ಬಹಳ ಹಿಂದೆಯೇ. ಕಾಳಿದಾಸನ ಶಾಕುಂತಲ ನಾಟಕದ ಎರಡನೇ ಅಂಕದಲ್ಲಿ ಇದರ ಬಳಕೆ ನಮ್ಮ ಇಂದಿನ ಮಾತಿನಂತೆಯೇ ಇದೆ. ಬೇಟೆಗೆ ಬಂದ ದುಷ್ಯಂತನ ಬಳಿಗೆ ಆಶ್ರಮದ ಇಬ್ಬರು ಹುಡುಗರು ಬರುತ್ತಾರೆ. ರಾಕ್ಷಸರ ಕಾಟ ಇದೆ, ಕೆಲವು ದಿನ ಇದ್ದು ಕಾಪಾಡಿ ಎನ್ನುತ್ತಾರೆ. ಅದೇ ಹೊತ್ತಿಗೆ ರಾಜಧಾನಿಯಿಂದ ತಾಯಿಯ ಕರೆ: ಇಂದಿಗೆ ನಾಲ್ಕನೇ ದಿನ ವ್ರತದ ಪಾರಣೆ, ನೀನು ಇರಲೇಬೇಕು. ಇತ್ತ ತಪಸ್ವಿಗಳ ಕೆಲಸ, ಅತ್ತ ತಾಯಿಯ ಅಪ್ಪಣೆ, ಎರಡನ್ನೂ ಮೀರುವಂತಿಲ್ಲ ಎಂದು ರಾಜ ಚಡಪಡಿಸುತ್ತಾನೆ. ಪಕ್ಕದಲ್ಲಿದ್ದ ವಿದೂಷಕ ಹೇಳುತ್ತಾನೆ: ತ್ರಿಶಂಕುವಿನ ಹಾಗೆ ನಡುವೆ ನಿಂತುಬಿಡು. ಪ್ರೇಕ್ಷಕರು ಅರ್ಥಮಾಡಿಕೊಂಡು ನಗಬೇಕಾದರೆ ಆ ಮಾತು ಆಗಲೇ ಎಲ್ಲರ ಬಾಯಲ್ಲೂ ಇದ್ದಿರಬೇಕು. ಕಾಳಿದಾಸ ಅದನ್ನು ಎಲ್ಲಿ ಇಟ್ಟಿದ್ದಾನೆ ನೋಡಿ. ಎರಡು ಕಡೆಯಿಂದ ಎರಡು ಅಪ್ಪಣೆ ಬಂದ ಜಾಗದಲ್ಲಿ. ರಾಜನಿಗೆ ಮನಸ್ಸು ಗಟ್ಟಿ ಇಲ್ಲ ಎಂದಲ್ಲ.

ಕನ್ನಡದಲ್ಲಿ ಈ ಮಾತಿಗೆ ನೆಂಟರು ಬಹಳ. ಒಂದೊಂದಕ್ಕೂ ಅದರದೇ ಜಾಗ ಇದೆ, ಆದ್ದರಿಂದ ಬೆರೆಸಬೇಕಾಗಿಲ್ಲ. ಎರಡೂ ದಾರಿಯಲ್ಲಿ ಅಪಾಯ ಇದ್ದರೆ 'ಅತ್ತ ದರಿ ಇತ್ತ ಪುಲಿ'. ಎರಡೂ ಸರಿಯೇ, ಯಾವುದನ್ನು ಮಾಡಿದರೂ ಇನ್ನೊಂದಕ್ಕೆ ತಪ್ಪಿದಂತೆ ಆಗುವುದಾದರೆ ಧರ್ಮಸಂಕಟ. ಯಾರಿಗೂ ಬೇಡವಾಗದಂತೆ ಎರಡೂ ಕಡೆ ಮಾತಾಡುವವರದ್ದು 'ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ'. ಎರಡೂ ಕಡೆಯ ಲಾಭ ಬೇಕು ಎನ್ನುವವರದ್ದು 'ಎರಡು ದೋಣಿಯ ಮೇಲೆ ಕಾಲು'. ಇವೆಲ್ಲದರಲ್ಲೂ ಆಯ್ಕೆ ಆ ವ್ಯಕ್ತಿಯ ಕೈಯಲ್ಲಿ ಸ್ವಲ್ಪವಾದರೂ ಇದೆ. ತ್ರಿಶಂಕುವಿನ ಸ್ಥಿತಿಯಲ್ಲಿ ಅದು ಇಲ್ಲ. ಅವನು ತನ್ನ ಆಯ್ಕೆ ಮಾಡಿ ಮುಗಿಸಿದ್ದಾನೆ, ಹೊರಟಿದ್ದಾನೆ, ಮುಕ್ಕಾಲು ದಾರಿ ಬಂದೂ ಆಗಿದೆ. ಮುಂದೆ ಬಿಡುವವರು ಬಿಡುತ್ತಿಲ್ಲ, ಹಿಂದೆ ಹೋಗುವ ಹಾಗೂ ಇಲ್ಲ. ಅಂಗಡಿಯೋ ಓದೋ ಎಂದು ಯೋಚಿಸುತ್ತಾ ಕೂತ ಹುಡುಗ ತ್ರಿಶಂಕು ಅಲ್ಲ. ಅವನು ಇನ್ನೂ ಮನೆಯಿಂದ ಹೊರಟೇ ಇಲ್ಲ.

ರಾಜಕೀಯದಲ್ಲಿ ಹಿಂದಿಯವರು ಯಾರಿಗೂ ಬಹುಮತ ಬರದ ಸದನವನ್ನು ತ್ರಿಶಂಕು ವಿಧಾನಸಭೆ ಎನ್ನುತ್ತಾರೆ. ನಮ್ಮ ಪತ್ರಿಕೆಗಳು ಜಾಸ್ತಿ ಬಳಸುವುದು 'ಅತಂತ್ರ ವಿಧಾನಸಭೆ' ಎಂದು. 2004ರಲ್ಲಿ 224 ಸ್ಥಾನಗಳಲ್ಲಿ ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್ಸಿಗೆ 58 ಬಂದಾಗ, ಮತ್ತೆ 2018ರಲ್ಲಿ ಬಿಜೆಪಿ 104ಕ್ಕೆ ನಿಂತಾಗ ನಾವೆಲ್ಲ ಓದಿದ ಪದ ಇದೇ. ಕನ್ನಡದ ಪದವೇ ಇಲ್ಲಿ ಸರಿ ಎಂದು ನನ್ನ ಅಭಿಪ್ರಾಯ. ಅಂಥ ಸದನದಲ್ಲಿ ಸರ್ಕಾರ ಕಟ್ಟಲು ದಾರಿಗಳು ಹಲವು ಇರುತ್ತವೆ. ತ್ರಿಶಂಕುವಿಗೆ ಒಂದೂ ಇರಲಿಲ್ಲ.

ಈ ಮಾತು ಪೂರ್ತಿ ಅರ್ಥದಲ್ಲಿ ಸಲ್ಲುವ ಜಾಗ ಬೇರೆ ಇದೆ. ಶಿವಮೊಗ್ಗ ಜಿಲ್ಲೆಯಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು, ಗದ್ದೆ, ಅಡಿಕೆ ತೋಟಗಳು ನೀರಿನಡಿ ಹೋದವು. ನಾಡಿಗೆಲ್ಲ ಕರೆಂಟು ಬರಲಿ ಎಂದು ಎದ್ದು ಬಂದ ಕುಟುಂಬಗಳಿಗೆ ಬೇರೆ ಕಡೆ ಜಾಗ ತೋರಿಸಿದರು. ಆ ಜಾಗ ಬಹಳಷ್ಟು ಕಡೆ ಕಾಡು. ಕಾಡು ಕಡಿದು ಗದ್ದೆ ಮಾಡಿಕೊಂಡರು, ಮನೆ ಕಟ್ಟಿದರು, ಮಕ್ಕಳ ಮದುವೆ ಮಾಡಿದರು. ಕಾಗದದಲ್ಲಿ ಮಾತ್ರ ಆ ನೆಲ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಬಿಡಲು ಕೇಂದ್ರದ ಒಪ್ಪಿಗೆ ಬೇಕಾಯಿತು. ಕಂದಾಯ ಇಲಾಖೆಯ ಲೆಕ್ಕ ಒಂದು, ಅರಣ್ಯ ಇಲಾಖೆಯ ಲೆಕ್ಕ ಇನ್ನೊಂದು. ಒಂದು ಕಡೆಯವರು ಕೂತುಕೊಳ್ಳಿ ಎಂದಿದ್ದರು, ಇನ್ನೊಂದು ಕಡೆಯವರು ಇದು ನಿಮ್ಮ ಜಾಗವಲ್ಲ ಎನ್ನುತ್ತಾರೆ. ಬಿಟ್ಟು ಬಂದ ಊರು ನೀರಿನ ಕೆಳಗಿದೆ, ವಾಪಸ್ ಹೋಗುವ ಮಾತಿಲ್ಲ. ಪಹಣಿಯಲ್ಲಿ ಹೆಸರು ಇಲ್ಲದೆ ಜಮೀನಿನ ಮೇಲೆ ಬ್ಯಾಂಕಿನ ಸಾಲ ಸಿಗುವುದು ಕಷ್ಟ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಬೇಕಾದರೂ ತೋರಿಸಲು ಕಾಗದ ಇರುವುದಿಲ್ಲ. ಹಕ್ಕುಪತ್ರ ಕೊಡಿ ಎಂಬ ಹೋರಾಟ ಅಣೆಕಟ್ಟು ಕಟ್ಟಿ ಅರ್ಧ ಶತಮಾನ ದಾಟಿದ ಮೇಲೂ ನಡೆದೇ ಇತ್ತು. ಮುಳುಗಡೆಯ ಜನ ತಮ್ಮದು ತ್ರಿಶಂಕು ಬದುಕು ಎಂದರೆ ಒಂದಕ್ಷರವೂ ಹೆಚ್ಚಾಗುವುದಿಲ್ಲ. ಏನು ಬೇಕು ಎಂದು ಕೇಳಿದರೆ ಅವರಿಗೆ ಯೋಚಿಸುವ ಅಗತ್ಯವೂ ಇಲ್ಲ. ಉಳುತ್ತಿರುವ ನೆಲದ ಪಹಣಿ, ತಮ್ಮ ಹೆಸರಿನಲ್ಲಿ.